ನಡುವೆ ಯಾರೂ ಬೇಡ

ಮಾರ್ಚ್ ೧೪, ಶುಕ್ರವಾರ

ಮ್ಯಾನೇಜರ್ ಮಾತು ಇನ್ನೂ ಕಿವಿಯಲ್ಲಿ ಕೊರೆಯುತ್ತಿದೆ. "ಎಲ್ಲಾ ಫೈಲೂ ನಮ್ಮ ಸರ್ವರ್ ಮೂಲಕಾನೇ ಹೋಗ್ಲಿ ಮೇಡಂ. ಒಂದು ಕಾಪಿ ನಮ್ಮ ಹತ್ರ ಇದ್ರೆ ತಪ್ಪೇನು?"

ತಪ್ಪೇನಂತೆ! ನಮ್ಮ ಕಂಪನಿಯ ಚಾಟ್ ಆ್ಯಪ್‌ನಲ್ಲಿ ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರ ಕಂಪ್ಯೂಟರಿಗೆ ಫೈಲು ನೇರವಾಗಿ ಹೋಗುವಂತೆ ಮಾಡಲು ಮೂರು ತಿಂಗಳು ಹೆಣಗಿದ್ದೇನೆ. ಅದನ್ನು ಸೋಮವಾರದೊಳಗೆ ಕಿತ್ತುಹಾಕಬೇಕಂತೆ.

ಅಕ್ಕ ವಕೀಲೆ. ಗಂಡನಿಂದ ಏಟು ತಿಂದ ಹೆಂಗಸರು ಮೈಮೇಲಿನ ಬಾಸುಂಡೆಗಳ ಫೋಟೋವನ್ನು ಇದೇ ಚಾಟ್‌ನಲ್ಲಿ ಅವಳಿಗೆ ಕಳಿಸುತ್ತಾರೆ. ಅದರ ಕಾಪಿ ಇವರಿಗೇಕೆ? ಇವತ್ತಿನ ಮೀಟಿಂಗಿನಲ್ಲಿ ಎಲ್ಲರೆದುರು ಹಾಗೇ ಕೇಳಿಬಿಟ್ಟೆ.

"ಅದೆಲ್ಲ ನಿಮಗ್ಯಾಕೆ? ಹೇಳಿದಷ್ಟು ಮಾಡಿ."

"ಕಟ್ಟಿದ್ದು ನಾನು ಸಾರ್. ಕೆಡವೋಕೆ ಬೇರೆಯವರನ್ನ ಹುಡುಕ್ಕೊಳ್ಳಿ."

ಆಗ ಪಕ್ಕದ ಮೇಜಿನ ಗಡ್ಡದವನು, ಮೀಟಿಂಗಿನಲ್ಲಿ ಎಂದೂ ತುಟಿ ಬಿಚ್ಚದವನು, "ನಾನೂ ಮುಟ್ಟಲ್ಲ ಸಾರ್" ಅಂದ. ಮ್ಯಾನೇಜರ್ ಮುಖ ಸುಟ್ಟ ಬದನೆಕಾಯಿಯಂತಾಯಿತು. "ಸೋಮವಾರ ನೋಡ್ಕೋತೀನಿ" ಎಂದು ಬಾಗಿಲು ದಬಾರನೆ ಎಳೆದುಕೊಂಡು ಹೋದರು.

ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. "ನಿಂಗ್ಯಾಕೇ ಬೇಕಿತ್ತು ಇದೆಲ್ಲ? ಕೆಲಸ ಹೋದ್ರೆ ಏನೇ ಮಾಡ್ತೀಯ?" ಎಂದು ಚೆನ್ನಾಗಿ ಬೈದಳು. ಬೈದು ಮುಗಿಸಿ, "ಸೋಮವಾರ ನಾನೂ ಬರ್ಲಾ?" ಎಂದಳು.

ಬೇಡ ಅಂದೆ. ಹೆದರಿಕೆ ಇಲ್ಲವೇ? ಇದೆ. ಆದರೂ ಸೋಮವಾರ ಹೋಗುತ್ತೇನೆ, ಅದೇ ಕುರ್ಚಿಯಲ್ಲಿ ಕೂರುತ್ತೇನೆ. ನಾನು ಬರೆದ ಕೋಡನ್ನು ಅಳಿಸುವುದಿದ್ದರೆ ಅವರೇ ಅಳಿಸಲಿ, ಒಂದೊಂದೇ ಸಾಲು, ನನ್ನ ಕಣ್ಣೆದುರೇ ಕೂತು...