ಗಾಡಿಯನ್ನು ಮೊದಲಿನಂತೆ ಮಾಡಿಕೊಡುವ ಬಗ್ಗೆ

ಗ್ಯಾರೇಜಿನ ಮೇಸ್ತ್ರಿಗಳಿಗೆ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನೀವು ನಗುತ್ತೀರೆಂದು ಪತ್ರ ಬರೆಯುತ್ತಿದ್ದೇನೆ. ಕಳೆದ ಭಾನುವಾರ ನನ್ನ ಸಾವಿರ ಸಿಸಿ ಬೈಕನ್ನು ಶಕ್ತಿ ಅಳೆಯುವ ಯಂತ್ರದ ಮೇಲೆ ಓಡಿಸಿ, "ನೂರ ನಲವತ್ತು ಎಚ್‌ಪಿ ಸಾರ್! ಇನ್ನು ಮಾಡೋಕೆ ಏನೂ ಉಳಿದಿಲ್ಲ. ಹಾಯಾಗಿ ಓಡಿಸ್ಕೊಂಡಿರಿ, ಈ ಕಡೆ ತಲೆ ಹಾಕ್ಬೇಡಿ" ಎಂದು ಕೈ ಒರೆಸಿಕೊಂಡಿರಿ. ನಿಮ್ಮ ಮನೆಯವರು ಚಹಾ ಕೊಡುತ್ತಾ, "ಸದ್ಯ, ಇವರ ಕಾಟ ತಪ್ಪಿತಲ್ಲ!" ಎಂದು ನಕ್ಕರು. ನಾನೂ ನಕ್ಕೆ.

ಗಾಡಿಗೆ ಜೋರು ಬಂತು, ನನಗೆ ಬೇಜಾರು ಬಂತು. ಏರ್ ಫಿಲ್ಟರ್, ಸೈಲೆನ್ಸರ್, ಕ್ಯಾಮ್‌ಶಾಫ್ಟ್ ಎಂದು ಜೋರು ಹೆಚ್ಚಿಸುವ ಹೊಸ ಭಾಗಗಳನ್ನು ಹಾಕಿಸಲು ಒಂದೂವರೆ ವರ್ಷ ಭಾನುವಾರ ತಪ್ಪದೆ ಬಂದೆ. ಇಷ್ಟು ಶಕ್ತಿಯ ಗಾಡಿಯಲ್ಲಿ ನಾನು ಈವರೆಗೆ ಹೋಗಿರುವುದು ನಿಮ್ಮ ಗ್ಯಾರೇಜಿಗೆ ಮಾತ್ರ. ನಿನ್ನೆ ಬೇರೆಲ್ಲಾದರೂ ಹೋಗೋಣವೆಂದು ಹೊರಟು, ಪೆಟ್ರೋಲ್ ಹಾಕಿಸಿಕೊಂಡು ಮನೆಗೇ ವಾಪಸು ಬಂದೆ. ಬಂಕಿನವನು "ಫುಲ್ಲಾ ಸಾರ್?" ಅಂದ. ಈ ವಾರ ನನ್ನನ್ನು ಮಾತಾಡಿಸಿದವನು ಅವನೊಬ್ಬನೇ.

ಆದ್ದರಿಂದ ಒಂದು ವಿನಂತಿ. ಬೈಕನ್ನು ದಯವಿಟ್ಟು ಶೋರೂಮಿನಿಂದ ಬಂದ ದಿನ ಇದ್ದ ಹಾಗೇ ಮಾಡಿಕೊಡಿ. ನೀವು ಬಿಚ್ಚಿಕೊಟ್ಟ ಹಳೆಯ ಭಾಗಗಳನ್ನೆಲ್ಲ ಬಟ್ಟೆ ಸುತ್ತಿ ಮಂಚದ ಕೆಳಗೆ ಜೋಪಾನ ಮಾಡಿದ್ದೇನೆ. ಒಟ್ಟು ಹದಿನೇಳಿವೆ. ಎಲ್ಲವನ್ನೂ ಒಂದೇ ಸಲ ತಂದು ನಿಮಗೆ ತೊಂದರೆ ಕೊಡುವುದಿಲ್ಲ. ಭಾನುವಾರಕ್ಕೆ ಒಂದರಂತೆ ತರುತ್ತೇನೆ.

ಇಂತು,
ನಿಮಗೆ ಟಾರ್ಚ್ ಹಿಡಿಯುತ್ತಿದ್ದ ಗಿರಾಕಿ