ಅರ್ಧ ನಾಲಿಗೆ

ಮಾರ್ಚ್ 3, ಮಂಗಳವಾರ, ಮಧ್ಯಾಹ್ನ
ಬೆಳಿಗ್ಗೆ ಕಂಪನಿಯ ಟೇಸ್ಟಿಂಗ್ ಕೋಣೆಯಲ್ಲಿ ಅರವತ್ತು ಕಪ್ ಚಹಾ ಹೀರಿ, ಉಗುಳಿ, ಅಂಕ ಕೊಟ್ಟು ಮುಗಿಸಿದೆ. ಅಲ್ಲಿಂದ ಹಲ್ಲಿನ ಡಾಕ್ಟರ್. ಎಡಗಡೆಯ ಕೊನೆಯ ದವಡೆ ಹಲ್ಲು ಹೋಯಿತು. ಇಂಜೆಕ್ಷನ್ ಚುಚ್ಚಿದಾಗ ನಾಲಿಗೆಗೆ ಕರೆಂಟ್ ಹೊಡೆದಂತಾಯಿತು. “ಎರಡು ಮೂರು ಗಂಟೇಲಿ ಜೋಮು ಬಿಡುತ್ತೆ” ಎಂದರು.

ಮಾರ್ಚ್ 4
ಬಿಟ್ಟಿಲ್ಲ. ನಾಲಿಗೆಯ ಎಡ ಅರ್ಧ ಸತ್ತುಹೋಗಿದೆ. ಬಲ ಅರ್ಧಕ್ಕೆ ಎಲ್ಲವೂ ತುಕ್ಕು ಕಬ್ಬಿಣ — ನೀರು ಕೂಡ. ಡಾಕ್ಟರಿಗೆ ಫೋನ್ ಮಾಡಿದೆ. “ನರಕ್ಕೆ ಪೆಟ್ಟಾಗಿರಬಹುದು ಮೇಡಂ. ಅಪರೂಪಕ್ಕೆ ಹೀಗಾಗುತ್ತೆ. ಕೆಲವು ವಾರ... ತಿಂಗಳೂ ಆಗಬಹುದು.” ಎಷ್ಟು ಸಲೀಸಾಗಿ ಹೇಳಿದ ಮಹಾನುಭಾವ!
ಇಪ್ಪತ್ತೆರಡು ವರ್ಷ ಈ ನಾಲಿಗೆಯೇ ಅನ್ನ ಹಾಕಿದೆ. ಈ ತಿಂಗಳು ಚೀಫ್ ಟೇಸ್ಟರ್ ಆಗಬೇಕು. ಯಾರಿಗೂ ಹೇಳುವುದಿಲ್ಲ.

ಮಾರ್ಚ್ 6
ಉಪಾಯ ಸಿಕ್ಕಿತು. ಟೇಸ್ಟಿಂಗ್ ಮೇಜಿನಲ್ಲಿ ನನ್ನ ಪಕ್ಕ ನಾದಿನಿ ಇದ್ದಾಳಲ್ಲ. ನಾನೇ ಸೇರಿಸಿ, ನಾನೇ ಕೆಲಸ ಕಲಿಸಿದವಳು. ಪ್ರತಿ ಕಪ್ ಅವಳೂ ಹೀರುತ್ತಾಳೆ; ಚಹಾ ಕೆಟ್ಟಿದ್ದರೆ ಅವಳ ಹುಬ್ಬು ಸಣ್ಣಗೆ ಮೇಲೇಳುತ್ತದೆ. ಹೀರುತ್ತೇನೆ, ಉಗುಳುತ್ತೇನೆ, ಹುಬ್ಬು ನೋಡಿ ಅಂಕ ಹೇಳುತ್ತೇನೆ. ಅವಳು ಬರೆದುಕೊಳ್ಳುತ್ತಾಳೆ. ಮ್ಯಾನೇಜರ್ ಬೆನ್ನು ತಟ್ಟಿದರು. ಗಲ್ಲದ ಮೇಲೆ ಜೊಲ್ಲು ಇಳಿದದ್ದು ನನಗೆ ಗೊತ್ತೇ ಆಗಲಿಲ್ಲ. ನಾದಿನಿ ಸುಮ್ಮನೆ ಕರ್ಚೀಫ್ ಕೊಟ್ಟಳು.

ಮಾರ್ಚ್ 17
ನಾವು ಪಾಸು ಮಾಡಿದ ಇನ್ನೂರು ಚೀಲ ಚಹಾ ವಾಪಸ್ ಬಂದಿದೆ. ಹುಳಿ ಹೊಡೆಯುತ್ತಿದೆಯಂತೆ.
ಕ್ಯಾಂಟೀನ್ ಹಿಂದೆ ನಾದಿನಿಯನ್ನು ನಿಲ್ಲಿಸಿದೆ. “ಹುಳಿ ಗೊತ್ತಾಗ್ಲಿಲ್ವೇನೇ ನಿಂಗೆ? ಮುಖದಲ್ಲಿ ಏನೂ ಕಾಣ್ಲಿಲ್ವಲ್ಲ!”
“ಗೊತ್ತಾಯ್ತು ಅತ್ತಿಗೆ. ನಿಮ್ಮ ಮುಖದಲ್ಲೂ ಏನೂ ಕಾಣ್ಲಿಲ್ಲ. ನನ್ನ ನಾಲಿಗೇನೇ ಸರಿ ಇಲ್ವೇನೋ ಅಂದ್ಕೊಂಡೆ. ನೀವು ತಪ್ಪೋದುಂಟಾ?”
ಅವಳು ನನ್ನ ಮುಖ ನೋಡುತ್ತಿದ್ದಳು, ನಾನು ಅವಳದ್ದು. ಚಹಾದ ಕಡೆ ಯಾರಿಗೂ ಗಮನವಿರಲಿಲ್ಲ.
ಜೋಮಿನ ವಿಷಯ ಹೇಳಿಬಿಟ್ಟೆ. ಕೈ ಹಿಡಿದುಕೊಂಡಳು.

ಮಾರ್ಚ್ 18
ಮ್ಯಾನೇಜರ್ ಕೋಣೆ. “ಯಾರು ಕೊಟ್ಟ ಅಂಕ ಇದು?” ಬಾಯಿ ತೆರೆದೆ. ಅಷ್ಟರಲ್ಲಿ ನಾದಿನಿ — “ನಂದು ಸರ್. ಮೇಡಂ ಆ ಕಪ್ ಹೀರ್ಲೇ ಇಲ್ಲ.”
ನಾನು ಬಾಯಿ ಮುಚ್ಚಿದೆ.
ನಾಳೆಯಿಂದ ಬರಬೇಡ ಎಂದರು ಅವಳಿಗೆ. ತಾನು ರುಚಿ ನೋಡುತ್ತಿದ್ದ ಚಮಚ ತೊಳೆದು, ಒರೆಸಿ, ನನ್ನ ಮೇಜಿನ ಮೇಲಿಟ್ಟು ಹೋದಳು.
ಮನೆಯಲ್ಲಿ ಇವರು, “ನನ್ನ ತಂಗಿಗೆ ಆ ಕೆಲಸ ಆಗಿಬರಲ್ಲ ಅಂತ ನಂಗೆ ಆಗ್ಲೇ ಅನ್ನಿಸಿತ್ತು” ಎಂದರು. ಹೂಂ ಎಂದೆ. ಥೂ, ನನ್ನ ಜನ್ಮಕ್ಕೆ.

ಮಾರ್ಚ್ 20, ಬೆಳಿಗ್ಗೆ 6
ಹಲ್ಲುಜ್ಜುವಾಗ ನಾಲಿಗೆಯ ಎಡ ಅಂಚು ಚುರ್ ಎಂದಿತು. ಅಡುಗೆಮನೆಗೆ ಓಡಿ ಉಪ್ಪು ಇಟ್ಟುಕೊಂಡೆ. ಉಪ್ಪೇ! ಕುಣಿಯಬೇಕಿತ್ತು. ಅಲ್ಲೇ ನೆಲದ ಮೇಲೆ ಕುಳಿತು ಅತ್ತೆ.
ಇವತ್ತು ಹೇಳಿಬಿಡಬೇಕು — ಆ ಕಪ್ ಹೀರಿದವಳು ನಾನೇ, ಅಂಕ ನನ್ನದೇ, ಅವಳನ್ನು ವಾಪಸ್ ಕರೆಯಿರಿ ಎಂದು. ಹತ್ತು ಗಂಟೆಗೆ ಪ್ರಮೋಷನ್ ಪತ್ರ ಕೊಡುತ್ತಾರಂತೆ. ಹಾಗಾದರೆ ಒಂಬತ್ತಕ್ಕೇ ಹೋಗಬೇಕು. ಅಥವಾ... ಪತ್ರ ಕೈಗೆ ಬಂದ ಮೇಲೆ ಹೇಳಿದರಾಯಿತೇ?