ಹೋಗುವವರಿಗೆ ಮಾತ್ರ ಕಾಣುವ ಹಳದಿ ಪಟ್ಟಿ

ಸಂರಕ್ಷಿತ ಅರಣ್ಯದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಕಚೇರಿಯವರು ಕಳೆದ ಸೋಮವಾರ ನನ್ನ ಅಂಗಡಿಗೆ ಇಳಿಸಿಹೋದ ತಗಡಿನ ಫಲಕದ ಮೇಲೆ ತಾವು ಹೇಳಿದ್ದನ್ನು ನಾನು ಬರೆದುಕೊಡುವುದಿಲ್ಲ. ಇಪ್ಪತ್ತೊಂಬತ್ತು ವರ್ಷಗಳಿಂದ ಬೋರ್ಡು ಬರೆಯುವುದೇ ನನ್ನ ಕಸುಬು. ನೊಣ ಓಡಿಸಲು ಒಬ್ಬ ಆಳನ್ನೇ ಇಟ್ಟಿದ್ದ ಹೋಟೆಲಿಗೆ "ಶುಚಿ ಮತ್ತು ರುಚಿ" ಎಂದು ಬರೆದುಕೊಟ್ಟಿದ್ದೇನೆ. ಮೂರು ಸಲ ಕುಸಿದ ಕಟ್ಟಡದ ಗುತ್ತಿಗೆದಾರನಿಗೆ "ನಂಬಿಕೆಗೆ ಇನ್ನೊಂದು ಹೆಸರು" ಎಂದು ಎರಡಡಿ ಎತ್ತರದ ಅಕ್ಷರಗಳಲ್ಲಿ ಬರೆದುಕೊಟ್ಟಿದ್ದೇನೆ. ಬರೆಸಿದ್ದನ್ನು ಬರೆಯುವುದು ನನ್ನ ಕೆಲಸ, ಸತ್ಯ ಸುಳ್ಳು ಬರೆಸಿದವರ ಪಾಡು ಎಂದುಕೊಂಡು ಬದುಕಿದವನು ನಾನು. ಆದ್ದರಿಂದ ನನಗೆ ಏಕಾಏಕಿ ಸತ್ಯದ ಹುಚ್ಚು ಹಿಡಿದಿದೆ ಎಂದು ದಯವಿಟ್ಟು ತಿಳಿಯಬೇಡಿ.

ಫಲಕದ ಜೊತೆ ತಾವು ಕಳಿಸಿದ ಒಕ್ಕಣೆ ಹೀಗಿದೆ: "ಎಚ್ಚರಿಕೆ. ಇತ್ತೀಚೆಗೆ ಈ ಸುಲಭ ನಡಿಗೆಯ ದಾರಿಯಲ್ಲಿ ಒಬ್ಬ ವೃದ್ಧೆಯು ತಮ್ಮ ಅಜಾಗರೂಕತೆ ಹಾಗೂ ಅಸಹಜ ವರ್ತನೆಯಿಂದ ಗಾಯಗೊಂಡಿರುತ್ತಾರೆ. ವಯಸ್ಸಾದವರು ಒಬ್ಬರೇ ಪ್ರವೇಶಿಸತಕ್ಕದ್ದಲ್ಲ." ಆ ವೃದ್ಧೆ ನನ್ನ ಅಕ್ಕ. ಆ ದಾರಿಯ ಮರಗಳ ಮೇಲೆ ಹಳದಿ ಪಟ್ಟಿ ಬಳಿದವನು ನಾನು. ಇವೆರಡೂ ತಮ್ಮ ಕಚೇರಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದೂ ಅಕ್ಕನ ಮೇಲಿನ ಆರೋಪವನ್ನು ತಮ್ಮನ ಕೈಯಲ್ಲೇ ಬರೆಸಲು ಹೊರಟಿದ್ದರೆ, ತಮ್ಮ ಕಚೇರಿಯಲ್ಲಿ ಇಷ್ಟೊಂದು ಬುದ್ಧಿ ಖರ್ಚು ಮಾಡುವವರು ಯಾರೆಂದು ತಿಳಿಯುವ ಕುತೂಹಲ ನನಗಿದೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಮ್ಮೂರಿನ ಪಕ್ಕದ ಈ ಕಾಡು ತಗ್ಗು ನೆಲದ ಕಾಡು. ಗುಡ್ಡವಿಲ್ಲ, ಏರಿಲ್ಲ, ಇಳಿತವಿಲ್ಲ. ಅದರಾಚೆ ಮೂರು ಹಳೆಯ ಹಳ್ಳಿಗಳಿವೆ. ಒಂದರಲ್ಲಿ ಸುಂಕದ ಕಟ್ಟೆ ಇನ್ನೂ ನಿಂತಿದೆ. ಇನ್ನೊಂದರಲ್ಲಿ ಕುಂಬಾರರ ಭಟ್ಟಿಗಳ ಸಾಲು. ಮೂರನೆಯದರ ಕಲ್ಲುಹಾಸಿನ ಬೀದಿಯಲ್ಲಿ ಗಾಡಿಯ ಗಾಲಿಗಳು ತಲೆತಲಾಂತರ ಉರುಳಿ ಎರಡು ಉದ್ದನೆಯ ಗೀರುಗಳಾಗಿವೆ, ಮಳೆ ಬಂದಾಗ ನೀರು ಅವುಗಳಲ್ಲೇ ಹರಿಯುತ್ತದೆ. ಕಾಡಿನ ಮೂಲಕ ಈ ಹಳ್ಳಿಗಳಿಗೆ ನಡೆದುಹೋಗುವ ದಾರಿಗಳನ್ನು ತಾವು ಎರಡು ವರ್ಷದ ಹಿಂದೆ ಸಾರ್ವಜನಿಕರಿಗೆ ತೆರೆದಿರಿ. ಒಳ್ಳೆಯ ಕೆಲಸ, ಇಲ್ಲ ಎನ್ನುವುದಿಲ್ಲ. ಕೈಪಿಡಿಯೊಂದನ್ನೂ ಅಚ್ಚು ಹಾಕಿಸಿದಿರಿ. ಅದರಲ್ಲಿ ಕಲ್ಲುಬೀದಿಯ ಹಳ್ಳಿಯ ದಾರಿಗೆ "ಸುಲಭ, ಸಮತಟ್ಟು, ಎಲ್ಲ ವಯಸ್ಸಿನವರಿಗೂ ಸೂಕ್ತ, ಹಳದಿ ಗುರುತು, ಹೋದ ದಾರಿಯಲ್ಲೇ ಹಿಂದಿರುಗುವುದು" ಎಂದಿದೆ. ಕೊನೆಯ ಮೂರು ಪದಗಳನ್ನು ತಾವು ಇನ್ನೊಮ್ಮೆ ಓದಬೇಕೆಂದು ವಿನಂತಿ.

ಆ ಗುರುತು ಹಾಕಿದ ದಿನ ಹೇಗಿತ್ತೆಂದು ಕೇಳಿ. ತಮ್ಮ ವನಪಾಲಕರು ಮುಂದೆ ಸೀಮೆಸುಣ್ಣ ಹಿಡಿದು ಮರ ಗುರುತಿಸುತ್ತ ಹೋದರು. ನಾನು ಹಿಂದೆ ಡಬ್ಬಿ, ಬ್ರಷ್ಷು ಹಿಡಿದು ಎದೆಯೆತ್ತರಕ್ಕೆ ಅಂಗೈಯಗಲದ ಪಟ್ಟಿ ಬಳಿಯುತ್ತ ಹೋದೆ. ಗೇಟಿನಿಂದ ಹಳ್ಳಿಯವರೆಗೆ ಇನ್ನೂರ ಹನ್ನೆರಡು ಮರ. ಮೂವತ್ತು ನಲವತ್ತು ಮರ ಆದಮೇಲೆ ನಾನು ಕೇಳಿದೆ, "ಸಾರ್, ಬರ್ತಾ ಕಾಣೋ ಹಾಗೆ ಹಿಂದಿನ ಮಗ್ಗುಲಿಗೂ ಒಂದೊಂದು ಎಳೀಲಾ?"

"ಆದೇಶದಲ್ಲಿ ಮರಕ್ಕೊಂದು ಗುರುತು ಅಂತಿದೆ. ಎರಡು ಹಾಕಿದ್ರೆ ಮರಕ್ಕೆ ಯಾಕ್ರೀ ಇಷ್ಟು ಬಣ್ಣ ಮೆತ್ತಿದ್ರಿ ಅಂತ ನನ್ನನ್ನೇ ಹಿಡ್ಕೋತಾರೆ," ಎಂದರು.

"ಮತ್ತೆ ವಾಪಸ್ ಬರೋರು?"

"ಹೋದೋರಿಗೆ ಬರೋಕೆ ಗೊತ್ತಾಗಲ್ವೇನಪ್ಪಾ? ನೀನು ಬಳಿ."

ನಾನು ಬಳಿದೆ. ಹಳ್ಳಿ ತಲುಪಿದಾಗ ಚಹಾದಂಗಡಿಯ ಎದುರು ಜೀಪು ಕಾಯುತ್ತಿತ್ತು. ಹತ್ತಿ ಕೂತೆವು, ಡಾಂಬರು ರಸ್ತೆಯಲ್ಲಿ ಸುತ್ತುಹಾಕಿ ಊರು ಸೇರಿದೆವು. ಉದ್ಘಾಟನೆಯ ದಿನ ತಾವೂ ಹೊಸ ಬೂಟು ಹಾಕಿಕೊಂಡು ಗೇಟಿನಿಂದ ಹಳ್ಳಿಗೆ ನಡೆದಿರಿ. ಫೋಟೋ ಪತ್ರಿಕೆಯಲ್ಲಿ ಬಂದಿತ್ತು, ತಾವು ಒಂದು ಮರದ ಪಟ್ಟಿಯನ್ನು ಬೆರಳಿನಿಂದ ತೋರಿಸುತ್ತಿದ್ದಿರಿ. ಹಿಂದಿರುಗಿದ್ದು ಯಾವುದರಲ್ಲಿ, ಮಾನ್ಯರೇ? ಜೀಪಿನಲ್ಲಿ. ಆ ದಾರಿಯನ್ನು ಗುರುತಿಸಿದವರು, ಬಳಿದವನು, ಮಂಜೂರು ಮಾಡಿದವರು, ನಮ್ಮಲ್ಲಿ ಒಬ್ಬನೇ ಒಬ್ಬನೂ ಅದರಲ್ಲಿ ಕಾಲ್ನಡಿಗೆಯಲ್ಲಿ ಹಿಂದೆ ಬಂದಿಲ್ಲ. ಅದನ್ನು ಸುಲಭ ಎಂದು ಅಚ್ಚು ಹಾಕಿಸಲು ನಮಗೆ ಎಷ್ಟು ಸುಲಭವಾಯಿತು ನೋಡಿ.

ನನ್ನ ಅಕ್ಕನ ವಿಷಯಕ್ಕೆ ಬರುತ್ತೇನೆ. ಅವಳಿಗೆ ಅರವತ್ತನಾಲ್ಕು. ಹೊಲಿಗೆಯವಳು. ಅಮ್ಮ ಹೋದಾಗ ನನಗೆ ಎಂಟು ವರ್ಷ, ಅವಳಿಗೆ ಹದಿನಾರು. ಅಂದಿನಿಂದ ಕಾಲಲ್ಲಿ ಮೆಷಿನ್ನು ತುಳಿದು ನನ್ನನ್ನು ಸಾಕಿ, ಓದಿಸಿ, ಓದು ತಲೆಗೆ ಹತ್ತದಿದ್ದಾಗ ಬೋರ್ಡು ಬರೆಯುವವರ ಹತ್ತಿರ ಬಿಟ್ಟು ಕಸುಬು ಕಲಿಸಿದವಳು. ಈಗಲೂ ನನ್ನನ್ನು ಮರಿ ಎಂದೇ ಕರೆಯುತ್ತಾಳೆ. ಅಂಗಿ ಹೊಲಿದು ಮುಗಿಸಿದಮೇಲೆ ಒಳಗನ್ನು ಹೊರಗೆ ತಿರುಗಿಸಿ, ಒಂದೊಂದೇ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡದೆ ಗಿರಾಕಿಗೆ ಕೊಟ್ಟವಳಲ್ಲ. "ಹೊರಗಡೆ ಎಲ್ರೂ ಚೆನ್ನಾಗೇ ಹೊಲೀತಾರೆ, ಒಳಗಡೆ ನೋಡ್ಬೇಕು" ಎಂದು ಕೆಲಸ ಕಲಿಯಲು ಬಂದ ಹುಡುಗಿಯರ ತಲೆ ತಿನ್ನುತ್ತಿದ್ದಳು. ಇಂಥವಳ ಕೈಯಲ್ಲಿ ಬೆಳೆದವನು ಇನ್ನೂರ ಹನ್ನೆರಡು ಮರಗಳ ಒಂದೇ ಮಗ್ಗುಲು ಬಳಿದು ಜೀಪು ಹತ್ತಿ ಬಂದೆ. ನನಗೆ ನಾಚಿಕೆಯಾಗುತ್ತದೆ. ತಮಗೂ ಸ್ವಲ್ಪ ಆಗಲಿ ಎಂದು ಇದನ್ನೆಲ್ಲ ಬರೆಯುತ್ತಿದ್ದೇನೆ.

ನಲವತ್ತೆಂಟು ವರ್ಷ ಮೆಷಿನ್ನು ತುಳಿದ ಮೊಣಕಾಲುಗಳು ಹಿಡಿದುಕೊಂಡಿದ್ದವು. ಸಮತಟ್ಟಾದ ಜಾಗದಲ್ಲಿ ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ತಮ್ಮ ಕೈಪಿಡಿ ಅವಳ ಕೈಗೆ ಸಿಕ್ಕಿತು. ಅವಳಿಗೆ ಪೆಟ್ಟಾದ ಆ ಗುರುವಾರ ನಾನೂ ಜೊತೆಗೆ ಹೋಗುವುದೆಂದು ಮಾತಾಗಿತ್ತು. ಔಷಧಿ ಅಂಗಡಿಯ ಬೋರ್ಡೊಂದು ಅವಸರಕ್ಕೆ ಬಿದ್ದು ತಪ್ಪಿಸಿಕೊಂಡೆ. "ಒಬ್ಳೇ ಹೋಗ್ಲಾ ಮರಿ?" ಎಂದು ಫೋನಿನಲ್ಲಿ ಕೇಳಿದಳು. ನಾನೇನೆಂದೆ ಗೊತ್ತೇ? "ಹೋಗಕ್ಕಾ, ನಾನೇ ಹಾಕಿರೋ ಗುರುತು. ಕಣ್ಣು ಮುಚ್ಕೊಂಡು ಹೋಗಬಹುದು."

ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಹನ್ನೊಂದಕ್ಕೆ ಹಳ್ಳಿ ಸೇರಿ, ಕಲ್ಲುಬೀದಿಯ ಗೀರುಗಳನ್ನು ಕೊಡೆಯ ತುದಿಯಿಂದ ಅಳೆದು, ಸವೆದ ಹೊಸ್ತಿಲುಗಳನ್ನೆಲ್ಲ ನೋಡಿ, ಚಹಾದಂಗಡಿಯ ಬೆಂಚಿನ ಮೇಲೆ ಬುತ್ತಿ ಬಿಚ್ಚಿ ಉಂಡು, ಒಂದು ಗಂಟೆಗೆ ಹೊರಟಳು. ಹಲಗೆಯ ಸೇತುವೆಯ ಹತ್ತಿರ ದಾರಿ ಮೂರಾಗಿ ಒಡೆಯುತ್ತದೆ. ಹೋಗುವಾಗ ಅಲ್ಲಿ ಪಟ್ಟಿಗಳು ಎದ್ದು ಕಂಡಿದ್ದವು. ಈಗ ಎದುರಿಗೆ ಬರೀ ತೊಗಟೆ. ಸಮತಟ್ಟಾದ ಕಾಡಿನಲ್ಲಿ ಏರಿ ನೋಡಲು ಒಂದು ದಿಣ್ಣೆಯೂ ಇಲ್ಲ, ಎಲ್ಲ ಕಡೆಯೂ ಒಂದೇ ಥರ. ಅಕ್ಕ ಒಂದೊಂದು ದಾರಿಯಲ್ಲೂ ಹತ್ತಿಪ್ಪತ್ತು ಹೆಜ್ಜೆ ಹೋಗಿ ತಿರುಗಿ ನೋಡಿದಳು. ಒಂದರಲ್ಲಿ ಮಾತ್ರ ಹಿಂದೆ ಬಿಟ್ಟುಬಂದ ಮರದ ಮೇಲೆ ಹಳದಿ ಪಟ್ಟಿ ಕಂಡಿತು. ಮುಂದೆ ಏನೂ ಇಲ್ಲ, ಹಿಂದೆ ತಿರುಗಿದರೆ ಇದೆ. ಅಷ್ಟರಲ್ಲೇ ವಿಷಯ ಅವಳಿಗೆ ಅರ್ಥವಾಯಿತು. ಅಲ್ಲಿಂದ ಮುಂದಕ್ಕೆ ಅವಳು ಹಿಂದೆ ಹಿಂದೆ ನಡೆಯತೊಡಗಿದಳು, ಮುಖ ಹಳ್ಳಿಯ ಕಡೆ, ಬೆನ್ನು ಮನೆಯ ಕಡೆ. ಹಾಗೆ ಐವತ್ತೇಳು ಮರ ದಾಟಿದ್ದಾಳೆ, ಎಣಿಸಿದ್ದಾಳೆ. ಐವತ್ತೆಂಟನೆಯದರ ಬೇರು ಹಿಮ್ಮಡಿಗೆ ತಾಗಿ ಪಕ್ಕದ ಕಾಲುವೆಗೆ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಜೊಂಡು ಕೊಯ್ಯಲು ಹೋಗಿದ್ದ ದಂಪತಿ ಸಂಜೆ ಐದಕ್ಕೆ ಕೂಗು ಕೇಳಿ ಎತ್ತಿಕೊಂಡು ಬಂದರು.

ಮಾನ್ಯರೇ, ಅಕ್ಕ ಬಿದ್ದ ಮೇಲೆ ತಮ್ಮ ಕಚೇರಿಯವರು ಬರೆದು ಅವಳ ಮನೆಗೆ ಕಳಿಸಿದ ವರದಿ "ಅಸಹಜ ವರ್ತನೆ" ಎಂದಿರುವುದು ಇದನ್ನು. "ಸದರಿ ಮಹಿಳೆಯು ಯಾವುದೇ ಕಾರಣವಿಲ್ಲದೆ ಹಿಮ್ಮುಖವಾಗಿ ಚಲಿಸುತ್ತಿದ್ದರೆಂದು ತಿಳಿದುಬಂದಿದೆ." ಕಾರಣವಿಲ್ಲದೆ! ಆ ದಾರಿಯಲ್ಲಿ ಇಂದಿನವರೆಗೆ ತಲೆ ಓಡಿಸಿ ನಡೆದ ಏಕೈಕ ವ್ಯಕ್ತಿಯ ಬಗ್ಗೆ ಬರೆದ ಮಾತು ಇದು.

ವರದಿಯ ಕೆಳಗೆ ಅಕ್ಕನ ಸಹಿ ಇದೆ, ಅವರೇ ಒಪ್ಪಿದ್ದಾರಲ್ಲ ಎಂದು ತಾವು ಕೇಳಬಹುದು. ನಾನೂ ಅದನ್ನೇ ಕೇಳಿದೆ. ಫಲಕದ ಒಕ್ಕಣೆ ಹಿಡಿದು ಸೋಮವಾರ ನೇರ ಅವಳ ಮನೆಗೆ ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಮೂಳೆ ಕೂಡಿಕೊಳ್ಳುತ್ತಿದೆ, ಕೂತು ಬಟ್ಟೆ ಕತ್ತರಿಸಬಹುದು ಎಂದು ಡಾಕ್ಟರು ಹೇಳಿ ಆಗಲೇ ಮೂರು ವಾರ. ಕತ್ತರಿಸಲು ಕತ್ತರಿ ಇಲ್ಲ. ಅವಳ ಮಗ, ನನ್ನ ಸೋದರಳಿಯ, ಒಳ್ಳೆಯವನೇ. ತಮ್ಮ ವರದಿ ಓದಿ ಹೆದರಿದ. ಅಮ್ಮನಿಗೆ ತಲೆ ಸರಿಯಿಲ್ಲವೇನೋ, ಕಾಡಿನಲ್ಲಿ ಹಿಂದೆ ಹಿಂದೆ ನಡೆಯುತ್ತಿದ್ದಳಂತೆ ಎಂದು ಕತ್ತರಿಯನ್ನು ಬೀರುವಿನಲ್ಲಿಟ್ಟು, ಅಂಗಡಿಯ ಬೀಗದಕೈ ತನ್ನ ಜೇಬಿಗೆ ಹಾಕಿಕೊಂಡಿದ್ದಾನೆ. ಸರಕಾರದ ಮೊಹರು ಇರುವ ಕಾಗದವನ್ನು ನಂಬುವುದೋ, ಅಮ್ಮನ ಮಾತನ್ನು ನಂಬುವುದೋ? ಗಿರಾಕಿಗಳು ಕೂಡ ಒಬ್ಬೊಬ್ಬರೇ ಬಂದು, ಆರೋಗ್ಯ ವಿಚಾರಿಸಿ, ಕೊಟ್ಟ ಬಟ್ಟೆ ವಾಪಸು ಒಯ್ಯುತ್ತಿದ್ದಾರೆ.

"ಹಿಂದೆ ನಡೆದಿದ್ದು ಯಾಕೆ ಅಂತ ಅವ್ರಿಗೆ ಹೇಳ್ಲಿಲ್ವಾ ಅಕ್ಕಾ?" ಎಂದೆ.

"ಹೇಳೋಕೆ ಶುರು ಮಾಡ್ದೆ. ಬರ್ಕೊಳ್ಳೋಕೆ ಬಂದೋನು, ಗುರುತು ಸರಿ ಇರ್ಲಿಲ್ವಾ, ಹಾಗಾದ್ರೆ ಬಳಿದೋನ ಮೇಲೆ ಕೇಸು ಹಾಕ್ತೀವಿ, ಮುಂದೆ ಅವನಿಗೆ ಎಲ್ಲೂ ಸರಕಾರಿ ಕೆಲಸ ಸಿಗದ ಹಾಗೆ ಮಾಡ್ತೀವಿ ಅಂದ."

"ಅದಕ್ಕೆ?"

"ಅದಕ್ಕೆ, ಬೇಡಪ್ಪಾ, ನಂದೇ ತಪ್ಪು ಅಂತ ಬರ್ಕೋ ಅಂದೆ. ನನಗೆ ವಯಸ್ಸಾಯ್ತು, ಜನ ಏನಂದ್ರೂ ನಡೆಯತ್ತೆ. ನಿನ್ನ ಕೈಗೆ ಕೆಟ್ಟ ಹೆಸರು ಬಂದ್ರೆ ಹೆಂಗೆ?"

ನಾನು ಅವಳ ಮಂಚದ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟೆ. ಐವತ್ತಾರು ವರ್ಷದ ಗಂಡಸು ಅತ್ತ ಎಂದು ತಾವು ವರದಿಯಲ್ಲಿ ಸೇರಿಸಿಕೊಳ್ಳಬಹುದು. ಅದು ಅಸಹಜವೋ ಸಹಜವೋ ತಾವೇ ತೀರ್ಮಾನಿಸಿ.

ಮಾರನೆಯ ದಿನ ಬಸ್ಸಿನಲ್ಲಿ ಹಳ್ಳಿಗೆ ಹೋಗಿ, ಅಲ್ಲಿಂದ ಗೇಟಿನ ಕಡೆ ನಡೆದೆ. ಹೊರಡುವ ಮುಂಚೆ, ನಾನು ಬಿದ್ದವಳ ತಮ್ಮನೆಂದು ತಿಳಿದು, ಚಹಾದಂಗಡಿಯ ಹೆಂಗಸು ಕೇಳಿದಳು, "ಆ ದಾರೀಲೇ ವಾಪಸ್ ಹೋಗ್ತೀರಾ? ಇರಿ, ಸೇತುವೆ ಹತ್ರ ಬಲಗಡೆ ದಾರಿ ಹಿಡೀರಿ. ಬಂದೋರಿಗೆಲ್ಲ ಹೇಳಿ ಹೇಳಿ ನನ್ನ ಬಾಯಿ ನೋವು ಬಂತು. ಆಫೀಸಿನೋರಿಗೂ ಹೇಳ್ದೆ. ನೀನು ಚಹಾ ಮಾರಮ್ಮಾ ಅಂದ್ರು. ಅವತ್ತು ನಿಮ್ಮ ಅಕ್ಕ ಹೊರಟಾಗ ಅಂಗಡಿ ತುಂಬ ಜನ, ಅವರೊಬ್ಬರಿಗೆ ಹೇಳೋಕಾಗ್ಲಿಲ್ಲ." ಅವಳು ಇನ್ನೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ. ಮಾನ್ಯರೇ, ಈ ಪ್ರಕರಣದಲ್ಲಿ ಅಕ್ಕ ತಪ್ಪು ತನ್ನದೆನ್ನುತ್ತಾಳೆ, ನಾನು ನನ್ನದೆನ್ನುತ್ತೇನೆ, ಚಹಾ ಮಾರುವವಳು ತನ್ನದೆನ್ನುತ್ತಾಳೆ. ತಪ್ಪೇ ಇಲ್ಲದೆ ನೆಮ್ಮದಿಯಾಗಿರುವುದು ತಮ್ಮ ಕಚೇರಿಯೊಂದೇ.

ನಾನು ನಡೆದೆ. ಇನ್ನೂರ ಹನ್ನೆರಡು ಮರಗಳಲ್ಲಿ ಎದುರಿನಿಂದ ಕಂಡದ್ದು ಒಂದೇ ಒಂದು, ಬಣ್ಣ ಹೆಚ್ಚಾಗಿ ಬುಡದ ತನಕ ಸೋರಿ ಆಚೆಗೆ ಹರಿದದ್ದು. ಅದೊಂದು ನನ್ನ ಕೈತಪ್ಪಿನಿಂದಾದದ್ದು. ಸೇತುವೆ ದಾಟಿದ ಮೇಲೆ ನಾನೂ ಹಿಂದೆ ಹಿಂದೆ ನಡೆಯುತ್ತಿದ್ದೇನೆಂದು ಸ್ವಲ್ಪ ಹೊತ್ತಿನ ಮೇಲೆ ಅರಿವಾಯಿತು. ಐವತ್ತೆಂಟನೆಯ ಮರದ ಬೇರನ್ನು ನೋಡಿದೆ. ಅಲ್ಲಿ ಅಕ್ಕನ ಕೊಡೆಯ ಹಿಡಿ ಇನ್ನೂ ಬಿದ್ದಿತ್ತು, ಎತ್ತಿಕೊಂಡು ಬಂದೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಪರಿಹಾರ ಕೇಳುತ್ತಿಲ್ಲ. ತಮ್ಮ ವರದಿಯಿಂದ "ಯಾವುದೇ ಕಾರಣವಿಲ್ಲದೆ" ಎಂಬುದನ್ನು ಹೊಡೆದುಹಾಕಿ "ಮುಂದೆ ಗುರುತು ಇಲ್ಲದ ಕಾರಣ" ಎಂದು ಬರೆಸಿ, ಅದೇ ಮೊಹರು ಒತ್ತಿ, ನನ್ನ ಸೋದರಳಿಯನ ಕೈಗೆ ತಲುಪಿಸಬೇಕು. ಮೊಹರಿನಿಂದ ಕಳೆದದ್ದು ಮೊಹರಿನಿಂದಲೇ ಬರಬೇಕು, ನನ್ನ ಬಾಯಿಮಾತಿಗೆ ಆ ಬೀರು ತೆರೆಯುವುದಿಲ್ಲ. ಗುರುತು ಬಳಿದವನ ಮೇಲೆ ಕೇಸು ಹಾಕುವುದಿದ್ದರೆ ಹಾಕಿ, ಅಂಗಡಿಯ ವಿಳಾಸ ತಮ್ಮಲ್ಲಿದೆ, ಸುಮ್ಮನೆ ಹಾಜರಾಗುತ್ತೇನೆ. ಸರಕಾರಿ ಬೋರ್ಡು ಸಿಗದಿದ್ದರೆ ಔಷಧಿ ಅಂಗಡಿ, ಹೋಟೆಲುಗಳು ಇದ್ದೇ ಇವೆ. ಆದರೆ ಅದಕ್ಕೆ ಮುಂಚೆ ಒಂದು ದಿನ ತಾವು ಜೀಪನ್ನು ಗೇಟಿನಲ್ಲೇ ನಿಲ್ಲಿಸಿ, ಬಸ್ಸು ಹತ್ತಿ ಹಳ್ಳಿಗೆ ಹೋಗಿ, ಚಹಾದಂಗಡಿಯವಳನ್ನು ಏನೂ ಕೇಳದೆ, ಒಬ್ಬರೇ ನಡೆದು ವಾಪಸು ಬನ್ನಿ. ಅರ್ಧ ದಾರಿಯಲ್ಲಿ ತಮ್ಮ ಕಾಲುಗಳು ಯಾವ ಕಡೆಗೆ ತಿರುಗಿವೆ ನೋಡಿಕೊಳ್ಳಿ.

ತಮ್ಮ ಫಲಕವನ್ನು ಖಾಲಿ ಹಿಂದಿರುಗಿಸುವುದು ಕಸುಬಿಗೆ ಶೋಭೆಯಲ್ಲವೆಂದು ಬೇರೆ ಒಕ್ಕಣೆ ಬರೆದಿದ್ದೇನೆ: "ಈ ದಾರಿಯ ಗುರುತುಗಳು ಹೋಗುವಾಗ ಮಾತ್ರ ಕಾಣುತ್ತವೆ. ಹಿಂದಿರುಗುವಾಗ ಹಿಂದೆ ತಿರುಗಿ ನೋಡಿ." ಬಣ್ಣ ಆರಿದ ಮೇಲೆ ಅಕ್ಕನ ಮನೆಗೆ ಒಯ್ದು ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದಳು. ಎರಡು ಕೈಯಲ್ಲಿ ಫಲಕವನ್ನು ನಿಧಾನಕ್ಕೆ ತಿರುಗಿಸಿ ಹಿಂಭಾಗ ನೋಡಿದಳು. ಅಲ್ಲೂ ಅದನ್ನೇ ಬರೆದಿದ್ದೆ. ಅಕ್ಷರಗಳ ಮೇಲೆ ಬೆರಳಾಡಿಸಿ, "ಹೂಂ, ಈಗ ಕೊಡು," ಎಂದಳು.

ಈ ಹೆಂಗಸಿಗೆ ತಲೆ ಸರಿಯಿಲ್ಲವೆಂದು ತಾವು ಮೊಹರು ಒತ್ತಿದ್ದೀರಿ.

ಇಂತಿ,
ತಮ್ಮ ಆದೇಶದಂತೆ ಮರಕ್ಕೊಂದೇ ಪಟ್ಟಿ ಬಳಿದು, ಅಕ್ಕನಿಗೆ ಕಣ್ಣು ಮುಚ್ಚಿಕೊಂಡು ಹೋಗು ಎಂದವನು,
ಬೋರ್ಡು ಬರೆಯುವವನು